ಮೊದಲು ಓಗೊಟ್ಟವರ ಮಾತು

ಪೆಟ್ಟಿಗೆಗಳಿಗೆ ಕರೆಂಟು ಕೊಟ್ಟು ಅವನು ಕಾಯುತ್ತ ಕೂತ. ಮೆಟ್ಟಿಲಡಿಯ ಕೋಣೆ ಅದು. ಮುಂಚೆ ಔಷಧಿಯ ಖಾಲಿ ರಟ್ಟಿನ ಡಬ್ಬಗಳನ್ನು ಒಟ್ಟುತ್ತಿದ್ದರಂತೆ; ಈಗ ಒಂದು ಕಬ್ಬಿಣದ ಕಪಾಟು ನಿಲ್ಲಿಸಿ, ಆಸ್ಪತ್ರೆಯ ಫೋನುಗಳನ್ನೆಲ್ಲ ಇಂಟರ್ನೆಟ್ಟಿಗೆ ಜೋಡಿಸುವ ಕೆಲಸವನ್ನು ಅವನಿಗೆ ಒಪ್ಪಿಸಿದ್ದರು. ದನ, ನಾಯಿ, ಮೇಕೆಗಳ ಆಸ್ಪತ್ರೆ. ಗೋಡೆಯಾಚೆ ಯಾವುದೋ ನಾಯಿ ಸೂಜಿ ಚುಚ್ಚುವ ಮೊದಲೇ ಅಳಲು ಶುರುಮಾಡಿತ್ತು. ಕಪಾಟಿನೊಳಗೆ ಗೇಟ್‌ವೇ ಎಂಬ ಚಪ್ಪಟೆ ಪೆಟ್ಟಿಗೆಗಳು. ಹೊರಗಿನ ಲೈನಿನಲ್ಲಿ ಬಂದ ಕರೆಯನ್ನು ಹಿಡಿದು, ಯಾವ ಮೇಜಿನ ಫೋನಿಗೆ ಸೇರಬೇಕೋ ಅಲ್ಲಿಗೆ ಮುಟ್ಟಿಸುವುದು ಅವುಗಳ ಕೆಲಸ. ಆದರೆ ಅವಕ್ಕೆ ಸ್ವಂತ ನೆನಪು ಅಂತಿಲ್ಲ. ಕರೆಂಟು ಹೋಯಿತೋ, ಎಲ್ಲ ಮರೆತವು. ಮತ್ತೆ ಬಂದಾಗ ಕೇಬಲ್ಲಿನ ತುಂಬ ಕೂಗುತ್ತವೆ: ನಾನು ಯಾರು, ನನ್ನ ಕೆಲಸ ಏನು, ಯಾರಾದರೂ ಹೇಳಿ. ಅದಕ್ಕೆ ಸರ್ವರ್ ಎಂಬ ಕಂಪ್ಯೂಟರು ಓಗೊಡಬೇಕು. ನೀನು ಇಂಥವನು, ಬಂದ ಕರೆಯನ್ನು ಇಂಥಲ್ಲಿಗೆ ಕಳಿಸು ಎಂದು ಫೈಲುಗಳನ್ನು ತುಂಡು ತುಂಡಾಗಿ ಕೊಡಬೇಕು. ಒಂದು ತುಂಡು ಮುಟ್ಟಿತು ಎಂದು ಪೆಟ್ಟಿಗೆ ಹೇಳಿದ ಮೇಲೆಯೇ ಇನ್ನೊಂದು. ಮಗುವಿಗೆ ತುತ್ತು ತಿನ್ನಿಸಿದ ಹಾಗೆ. ಅವನಿಗೆ ಈ ವ್ಯವಹಾರ ಬಹಳ ಇಷ್ಟ. ಮುಟ್ಟಿತು, ಮುಟ್ಟಿತು, ಮುಟ್ಟಿತು. ಮನೆಯಲ್ಲಿ ಭಾನುವಾರದಿಂದ ಅವನು ಆಡಿದ ಒಂದು ಮಾತೂ ಮುಟ್ಟಿತೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ.

ಹಾಗಂತ ಹೆಂಡತಿ ಯಾವುದರಲ್ಲೂ ಕಡಿಮೆ ಮಾಡಿರಲಿಲ್ಲ. ಊಟ ಹೊತ್ತಿಗೆ ಸರಿಯಾಗಿ, ಅಂಗಿಗೆ ಇಸ್ತ್ರಿ, ಬಾಗಿಲ ಹತ್ತಿರ ಬೀಗದ ಕೈ, ಎಲ್ಲ ಇದ್ದಲ್ಲೇ ಇದ್ದವು. ಬಾಯಿಗೆ ಮಾತ್ರ ಬೀಗ. ಜಗಳವಾದರೆ ಆದೀತು, ಪಾತ್ರೆ ಎಸೆದರೆ ಹೆಕ್ಕಬಹುದು, ಆದರೆ ಇದು ಜಗಳವೇ ಅಲ್ಲವಲ್ಲ, ಎಂದುಕೊಂಡ. ಭಾನುವಾರ ಅಕ್ಕ ಭಾವ ಬಂದಿದ್ದರು. ಊಟ ಮುಗಿಸಿ ನಡುಮನೆಯಲ್ಲಿ ಕಾಲು ಚಾಚಿದ ಭಾವನ ಕಣ್ಣು ಮೂಲೆಯ ಸ್ಟೂಲಿನ ಮೇಲಿದ್ದ ಹಳೆಯ ಫೋನಿನ ಮೇಲೆ ಬಿತ್ತು. "ಇನ್ನೂ ಈ ಡಬ್ಬ ಇಟ್ಕೊಂಡಿದ್ದೀಯಲ್ಲೋ, ಯಾರಿಗೋಸ್ಕರ?" ಅಂದರು. "ಟೆಸ್ಟಿಂಗಿಗೆ ಭಾವ," ಅಂದ ಇವನು. "ಎಲ್ಲಿ ಫೋನ್ ಹಾಕಿದ್ರೂ ಮೊದಲು ಮನೆಗೆ ಒಂದು ಹಚ್ತೀನಿ. ಇವಳು ಹಲೋ ಅಂದ್ಲು ಅಂದ್ರೆ ಲೈನ್ ಸರಿ ಇದೆ ಅಂತ. ಅದು ಬಿಟ್ಟು ಇವಳಿಂದ ಇನ್ನೇನು ಆಗ್ಬೇಕು ಹೇಳಿ?" ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಇವಳೂ ನಕ್ಕಳು, ಅರ್ಧ ನಕ್ಕು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಆ ಅರ್ಧ ನಗುವನ್ನು ಅವನು ಆಗ ನೋಡಿರಲಿಲ್ಲ. ಈಗ ಕಪಾಟಿನ ಹಸಿರು ದೀಪಗಳನ್ನು ನೋಡುತ್ತಿದ್ದರೂ ಅದೇ ಕಾಣುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೂ ನಾನು ಸುಳ್ಳೇನೂ ಹೇಳಲಿಲ್ಲವಲ್ಲ, ಎಂದು ಒಳಗಿನ ವಕೀಲ ವಾದಿಸುತ್ತಿದ್ದ. ಹೇಳಲಿಲ್ಲ, ನಿಜ. ಮದುವೆಯಾದಾಗಿನಿಂದ ಅವನು ಹಗಲಿನಲ್ಲಿ ಮನೆಗೆ ಮಾಡಿದ ಫೋನೆಲ್ಲ ಟೆಸ್ಟಿಂಗೇ. ಹಲೋ ಎಂದು ಅವಳು ಓಡಿಬಂದು ಎತ್ತಬೇಕು, "ಟೆಸ್ಟು ಕಣೇ, ಇಡು," ಎಂದು ಅವನು ಇಡಬೇಕು. ಮೊದಮೊದಲು ಅವಳು ಆ ಎರಡು ಮಾತಿನ ನಡುವೆಯೇ ಏನಾದರೂ ತೂರಿಸಲು ನೋಡುತ್ತಿದ್ದಳು. "ರೀ, ಗ್ಯಾಸು ಬಂತು," "ರೀ, ಪಕ್ಕದ ಮನೆಯವರು..." ಆಮೇಲೆ ಬಿಟ್ಟಳು. ಸೋಮವಾರ ಅವನು ಒಂದು ಅಂಗಡಿಯಿಂದ ಟೆಸ್ಟಿಂಗಿಗೆಂದು ಹಚ್ಚಿದಾಗ ಎತ್ತಿದ್ದಳು. ಹಲೋ ಬರಲಿಲ್ಲ. ರಿಸೀವರನ್ನು ಸ್ಟೂಲಿನ ಮೇಲೆ ಮೆಲ್ಲಗೆ ಮಲಗಿಸಿದ ಸದ್ದು ಬಂತು. ಆಮೇಲೆ ಫ್ಯಾನಿನ ಸದ್ದು, ದೂರದಲ್ಲಿ ನಲ್ಲಿಯ ನೀರು. ಅವನು ಅದನ್ನೇ ಸ್ವಲ್ಪ ಹೊತ್ತು ಕೇಳಿಸಿಕೊಂಡು ಇಟ್ಟುಬಿಟ್ಟ. ಅಂಗಡಿಯವನು, "ಲೈನ್ ಸರಿ ಇದೆಯಾ?" ಎಂದು ಕೇಳಿದಾಗ "ಇದೆ," ಅಂದಿದ್ದ.

ಈ ದಿನದ ಕೆಲಸ ಸುಲಭದ್ದು. ಇಷ್ಟು ದಿನ ಪೆಟ್ಟಿಗೆಗಳಿಗೆ ಓಗೊಡುತ್ತಿದ್ದ ಹಳೆಯ ಕಂಪ್ಯೂಟರು ಮುದಿಯಾಗಿ ಗೂರಲು ಹತ್ತಿತ್ತು. ಹೊಸದನ್ನು ತಂದು, ಪೆಟ್ಟಿಗೆಗಳನ್ನು ಎಬ್ಬಿಸುವ ಮತ್ತು ಫೈಲು ಕಳಿಸುವ ಸಾಫ್ಟ್‌ವೇರನ್ನು ಅದರಲ್ಲಿ ಹೂಡಿ, ತನ್ನ ಲ್ಯಾಪ್‌ಟಾಪಿನಿಂದ ಫೈಲುಗಳನ್ನು ಅದಕ್ಕೆ ತುಂಬಿ, ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ಪೆಟ್ಟಿಗೆಗಳನ್ನು ಒಮ್ಮೆ ಆರಿಸಿ ಹಚ್ಚಿದ್ದ. ಎಲ್ಲವೂ ಎದ್ದವು, ಕೂಗಿದವು, ಫೈಲು ತಿಂದವು, ಹಸಿರಾದವು. ಆಮೇಲೆ ದಾಖಲೆಗೆಂದು ಇನ್ನೊಮ್ಮೆ ಆರಿಸಿ ಹಚ್ಚಿದ್ದೂ ಆಯಿತು. ಮತ್ತೆ ಹಸಿರು. ಇನ್ನು ಟೆಸ್ಟಿಂಗಿಗೆ ಮನೆಗೊಂದು ಫೋನು ಹಚ್ಚುವುದಷ್ಟೇ ಬಾಕಿ. ಅದನ್ನು ಮಾತ್ರ ಅವನು ಮಾಡಲಿಲ್ಲ. ಹಸಿರು ಇದೆಯಲ್ಲ, ಸಾಕು, ಎಂದುಕೊಂಡ. ಇಷ್ಟು ವರ್ಷದಲ್ಲಿ ಟೆಸ್ಟ್ ಮಾಡದೆ ಅವನು ಮುಗಿಸಿದ ಮೊದಲ ಕೆಲಸ ಅದು. ಮಲಗಿದ ರಿಸೀವರಿನೊಳಗಿನ ಫ್ಯಾನಿನ ಸದ್ದನ್ನು ಮತ್ತೊಮ್ಮೆ ಕೇಳುವ ಧೈರ್ಯ ಇರಲಿಲ್ಲ.

ಬಿಸಿಲು ಏರಿದ ಮೇಲೆ ಹೊರಗೆ ಬಂದರೆ ಕೌಂಟರಿನಾಕೆ ಉಲ್ಲನ್ ಹೆಣೆಯುತ್ತ ಕೂತಿದ್ದಳು. ಆಸ್ಪತ್ರೆಯವರಿಗೆಲ್ಲ ಅವಳು ಅತ್ತೆ. ಡಾಕ್ಟರಮ್ಮನೂ ಅವಳನ್ನು ಹಾಗೇ ಕರೆಯುತ್ತಿದ್ದರು. "ಏನಪ್ಪಾ ಫೋನಿನವನೇ, ನಿನ್ನ ಫೋನು ಇವತ್ತು ಮೌನವ್ರತ ಹಿಡ್ದಿದೆಯಲ್ಲ. ಬೆಳಗ್ಗೆಯಿಂದ ಒಂದು ಸಲವೂ ಬಾಯಿ ಬಿಟ್ಟಿಲ್ಲ. ಪುಣ್ಯಾತ್ಮ, ಇದನ್ನ ಹೀಗೇ ಇರಿಸು, ನನ್ನ ಸ್ವೆಟರ್ ಮುಗಿಯುತ್ತೆ," ಅಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನು ಬೆಚ್ಚಿದ. ಮೌನವ್ರತದ ಸುದ್ದಿ ಇವಳಿಗೆ ಹೇಗೆ ಗೊತ್ತು? ಆಮೇಲೆ ತಿಳಿಯಿತು, ಅವಳು ಹೇಳಿದ್ದು ಮೇಜಿನ ಮೇಲಿನ ಫೋನಿನ ಮಾತು. ಅಷ್ಟರಲ್ಲಿ ಬಾಗಿಲಲ್ಲಿ ಬೆವರಿಳಿಯುವ ಮನುಷ್ಯನೊಬ್ಬ ಬಂದು ನಿಂತ. "ಡಾಕ್ಟ್ರು ಎಲ್ಲಿ? ಎಮ್ಮೆ ರಾತ್ರಿಯಿಂದ ನೋವು ತಿಂತಾ ಇದೆ, ಕರು ಬರ್ತಿಲ್ಲ. ಫೋನ್ ಮಾಡಿ ಮಾಡಿ ಸಾಕಾಯ್ತು. ಯಾರೋ ಅಮ್ಮ ಎತ್ಕೋತಾರೆ!"

"ಯಾವ ಅಮ್ಮನಪ್ಪಾ? ಎತ್ತೋಳು ನಾನು. ನನಗೆ ಬಂದೇ ಇಲ್ಲ," ಅಂದಳು ಅತ್ತೆ.

"ನೀವಲ್ಲ. ಆಯಮ್ಮನ ಮಾತೇ ಬೇರೆ. ಇದು ಆಸ್ಪತ್ರೆ ಅಲ್ಲಪ್ಪ, ಮನೆ, ಅಂದ್ರು. ಇಡ್ತಾರೇನೋ ಅಂದ್ಕೊಂಡೆ, ಇಡಲಿಲ್ಲ. ಏನಾಗಿದೆ ಹೇಳು ಅಂದ್ರು. ಎಲ್ಲಾ ಕೇಳಿ, ಈ ಫೋನ್ ನಂಬ್ಕೊಂಡು ಕೂರಬೇಡ, ಗಾಡಿ ತಗೊಂಡು ಹೋಗಿ ಡಾಕ್ಟರನ್ನ ಕೂರಿಸ್ಕೊಂಡು ಬಾ ಅಂದ್ರು. ಸಂಜೆ ಏನಾಯ್ತು ಅಂತ ತಿಳಿಸ್ಬೇಕಂತೆ. ತಗೊಳ್ಳಿ, ನಂಬರೂ ಕೊಟ್ಟಿದ್ದಾರೆ." ಅಂಗೈ ಚಾಚಿದ. ಬೆವರಿಗೆ ಹರಡಿದ ನೀಲಿ ಶಾಯಿಯಲ್ಲಿ ಬರೆದಿದ್ದ ಆ ಅಂಕಿಗಳನ್ನು ಅವನು ಓದಬೇಕಾಗಿಯೇ ಇರಲಿಲ್ಲ. ಅದು ಅವನ ಮನೆಯ ನಂಬರು.

ಡಾಕ್ಟರಮ್ಮ ಒಳಗಿನಿಂದ ಚೀಲ ಹಿಡಿದು ಬಂದರು. ಎಮ್ಮೆಯವನ ಗಾಡಿ ಹತ್ತುವ ಮೊದಲು ಇವನನ್ನು ಮೇಲಿನಿಂದ ಕೆಳಗೆ ನೋಡಿ, "ನೀವು ಫೋನ್ ಸರಿ ಮಾಡೋಕೆ ಬಂದಿರೋದೋ, ಕೆಡಿಸೋಕೋ?" ಅಂದರು. ಕಾಯುತ್ತ ಕೂತಿದ್ದ ನಾಯಿಯವರು, ಮೇಕೆಯವರು, ಎಲ್ಲರೂ ಇವನ ಕಡೆ ತಿರುಗಿದರು. ನಾಲ್ಕು ಜನರೆದುರು ಆಡಿದ ಮಾತು ಹೇಗೆ ಚುಚ್ಚುತ್ತದೆ ಎಂದು ಅವನ ಕಿವಿಗಳು ಬಿಸಿಯಾಗಿ ಹೇಳಿದವು. ಹೆಂಡತಿಗೂ ಭಾನುವಾರ ಕಿವಿ ಹೀಗೇ ಬಿಸಿಯಾಗಿತ್ತೇನೋ. "ನೋಡ್ತೀನಿ ಮೇಡಂ," ಎಂದು ಮೆಟ್ಟಿಲಡಿಗೆ ನುಗ್ಗಿದ.

ನೋಡುವುದೇನು ಬಂತು, ಒಳಗೆ ಕಾಲಿಡುವಷ್ಟರಲ್ಲಿ ಗೊತ್ತಾಗಿಹೋಗಿತ್ತು. ಲ್ಯಾಪ್‌ಟಾಪು ಅಲ್ಲೇ ನೆಲದ ಮೇಲೆ, ಅದೇ ಕೇಬಲ್ಲಿನ ತುದಿಗೆ ಸಿಕ್ಕಿಕೊಂಡು ಮಿಣಮಿಣ ಎನ್ನುತ್ತಿತ್ತು. ತಾನು ಕೆಲಸ ಮಾಡುವ ಅಂಗಡಿಯಲ್ಲಿ ಪೆಟ್ಟಿಗೆಗಳನ್ನು ಪರೀಕ್ಷೆ ಮಾಡಲೆಂದು ಅದೇ ಸಾಫ್ಟ್‌ವೇರನ್ನು ಅದರಲ್ಲೂ ಹಾಕಿಕೊಂಡಿದ್ದ. ದಿನಾ ಯಾರು ಶುರುಮಾಡುತ್ತಾರೆಂದು, ಲ್ಯಾಪ್‌ಟಾಪು ಎದ್ದ ಕೂಡಲೇ ಅದೂ ಏಳುವ ಹಾಗೆ ಮಾಡಿಟ್ಟವನೂ ಅವನೇ. ಪೆಟ್ಟಿಗೆಗಳು ಕೂಗಿದಾಗ ಹೊಸ ಸರ್ವರ್ ಬಾಯಿ ತೆರೆಯುವ ಮೊದಲು ಲ್ಯಾಪ್‌ಟಾಪು ಓಗೊಟ್ಟಿದೆ. ಇವೋ, ಮೊದಲು ಓಗೊಟ್ಟವರೇ ದೇವರು ಎನ್ನುವ ಜಾತಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವಂಥವು. ಲ್ಯಾಪ್‌ಟಾಪಿನ ಫೈಲಿನಲ್ಲಿ ಇದ್ದದ್ದು ಪರೀಕ್ಷೆಯ ಒಂದೇ ಸಾಲು: ಯಾರ ಕರೆ ಬಂದರೂ ಈ ನಂಬರಿಗೆ ಕಳಿಸು. ಈ ನಂಬರು ಎಂದರೆ ಸ್ಟೂಲಿನ ಮೇಲಿನ ಹಳೆಯ ಡಬ್ಬ. ಬೇರೆ ಯಾರೇ ಆಗಿದ್ದರೂ ತಮ್ಮ ಮೊಬೈಲಿನ ನಂಬರು ಹಾಕಿಕೊಳ್ಳುತ್ತಿದ್ದರು. ಅವನಿಗೆ ಅದು ಹೊಳೆದೇ ಇರಲಿಲ್ಲ. ಹಲೋ ಎನ್ನಲು ಅವಳಿದ್ದಳಲ್ಲ.

ಕೇಬಲ್ ಕೀಳಬೇಕು, ಪೆಟ್ಟಿಗೆಗಳನ್ನು ಒಮ್ಮೆ ಆರಿಸಿ ಹಚ್ಚಬೇಕು. ಮುಗಿಯಿತು. ಬಗ್ಗಿ ಕೇಬಲ್ಲಿನ ತುದಿ ಹಿಡಿದವನು ಹಾಗೇ ನಿಂತ. ಊರಿನ ದನಕರುಗಳ ಸಂಕಟವೆಲ್ಲ ಬೆಳಗ್ಗೆಯಿಂದ ಅವನ ನಡುಮನೆಗೆ ಬಂದು ಬೀಳುತ್ತಿದೆ. ಆಯಮ್ಮನ ಮಾತೇ ಬೇರೆ, ಅಂದನಲ್ಲ ಎಮ್ಮೆಯವನು. ಹಾಗಾದರೆ ಅವಳು ಮಾತಾಡುತ್ತಿದ್ದಾಳೆ. ಅವನು ಇನ್ನೊಂದು ಕೈಯಲ್ಲಿ ಮೊಬೈಲು ತೆಗೆದು ಆಸ್ಪತ್ರೆಯ ನಂಬರು ಒತ್ತಿದ. ಟೆಸ್ಟ್ ಮಾಡುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡ.

"ಹೇಳಿ," ಅಂದಳು ಅವಳು. ಹಲೋ ಅಲ್ಲ, ಹೇಳಿ. "ಇದು ಆಸ್ಪತ್ರೆ ಅಲ್ಲ, ಮನೆ. ಲೈನು ಎಲ್ಲೋ ತಪ್ಪಿ ಬರ್ತಾ ಇದೆ. ಆದ್ರೂ ಹೇಳಿ, ಏನಾಗಿದೆ?"

ಭಾನುವಾರದಿಂದ ಕೇಳದ ದನಿ. ಅಲ್ಲ, ಈ ದನಿಯನ್ನು ಅವನು ಅದಕ್ಕೂ ಎಷ್ಟೋ ಮುಂಚಿನಿಂದ ಕೇಳಿರಲಿಲ್ಲ. ಅವಸರವಿಲ್ಲದ, ಎದುರಿನವರಿಗೆ ಕುರ್ಚಿ ಎಳೆದು ಕೂರಿಸುವಂಥ ದನಿ. ಉಗುಳು ನುಂಗಿದ. "ಗಾಬರಿ ಆಗ್ಬೇಡಿ," ಅಂದಳು. "ನಿಧಾನವಾಗಿ ಹೇಳಿ. ನಾನು ಇಡಲ್ಲ." ನಿಜವಾಗಿಯೂ ಇಡಲಿಲ್ಲ. ಫ್ಯಾನಿನ ಸದ್ದು ಈಗಲೂ ಕೇಳಿಸುತ್ತಿತ್ತು, ಆದರೆ ಅದರ ಈಚೆಗೆ ಒಬ್ಬಳು ಇದ್ದಳು. ಇಷ್ಟು ವರ್ಷ ಹಲೋ ಆದಮೇಲೆ ಏನಿರುತ್ತದೆ ಎಂದು ಅವನು ಒಂದು ದಿನವೂ ಕಾದು ನೋಡಿರಲಿಲ್ಲ. ಅವನೇ ಕಟ್ ಮಾಡಿದ.

"ಸಿಕ್ತೇನಪ್ಪಾ ತೊಂದರೆ?" ಅತ್ತೆ ಬಾಗಿಲಲ್ಲಿ ಇಣುಕಿದಳು. ತೊಂದರೆಯ ತುದಿ ಅವನ ಮುಷ್ಟಿಯಲ್ಲೇ ಇತ್ತು. "ಹುಡುಕ್ತಾ ಇದ್ದೀನಿ ಅತ್ತೆ," ಅಂದ. ಅವಳು ಹೋದಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಈ ಹೊತ್ತಿನಲ್ಲಿ ಎಲ್ಲೋ ಒಂದು ಮೇಕೆ ಹೊಟ್ಟೆಯುಬ್ಬರಿಸಿ ಬಿದ್ದಿರಬಹುದು, ಯಾರದೋ ನಾಯಿ ಏನೋ ತಿಂದು ನೊರೆ ಕಾರುತ್ತಿರಬಹುದು. ಅವರ ದಾರಿಗೆ ಅಡ್ಡವಾಗಿ ನಾನು ನಿಂತಿದ್ದೇನೆ. ನನ್ನ ಹೆಂಡತಿಯ ದನಿ ಕೇಳಲು. ಗೊತ್ತಿಲ್ಲದೆ ಆದದ್ದು ತಪ್ಪು, ಗೊತ್ತಿದ್ದೂ ಹೀಗೆ ನಿಂತದ್ದಕ್ಕೆ ಬೇರೆ ಹೆಸರಿದೆ. ಇನ್ನೊಂದೇ ಸಲ, ಎಂದು ಮತ್ತೆ ಒತ್ತಿದ. ಎಂಗೇಜು. ಮತ್ತೆ ಒತ್ತಿದ, ಎಂಗೇಜು. ಯಾರ ಹತ್ತಿರವೋ ಮಾತಾಡುತ್ತಿದ್ದಾಳೆ. ಆ ಯಾರೋ ಒಬ್ಬರ ಮೇಲೆ, ಅವರ ಕುಂಟ ಮೇಕೆಯ ಮೇಲೆ, ಅವನಿಗೆ ಹೊಟ್ಟೆಕಿಚ್ಚಾಯಿತು ಎಂದರೆ ನಂಬಬೇಕು. ಆಮೇಲೆ ಸಿಕ್ಕಿತು.

"ಹೇಳಿ."

ಕರವಸ್ತ್ರ ಬಾಯಿಗೆ ಅಡ್ಡ ಇಟ್ಟುಕೊಂಡು, ದನಿ ದಪ್ಪ ಮಾಡಿ, ಬಾಯಿಗೆ ಬಂದದ್ದು ಹೇಳಿದ. "ನಮ್ಮ ಹಸು... ಮೇವು ಮುಟ್ತಾ ಇಲ್ಲ."

"ಯಾವಾಗಿಂದ?"

"ಭಾನುವಾರದಿಂದ."

"ಭಾನುವಾರ ಏನಾಯ್ತು?"

"ಏನೂ ಇಲ್ಲ. ನೆಂಟರು ಬಂದಿದ್ರು."

"ನೆಂಟರ ಮುಂದೆ ಹೊಡೆದ್ರಾ?"

"ಛೆ, ಛೆ, ಹೊಡೀಲಿಲ್ಲ." ಬೆವರು ಕಿವಿಯ ಹಿಂದಿನಿಂದ ಇಳಿಯಿತು. "ಏನೋ ಒಂದು ಮಾತಂದೆ. ತಮಾಷೆಗೆ."

"ಹಸುಗೆ ಗೊತ್ತಾಗಲ್ಲ ಅಂದ್ಕೊಂಡ್ರಾ? ಎಲ್ಲಾ ಗೊತ್ತಾಗುತ್ತೆ ರೀ ಅವಕ್ಕೆ. ಆಮೇಲೆ ಹತ್ತಿರ ಹೋಗಿ ನೋಡಿದ್ರಾ?"

"ಇಲ್ಲ."

"ಹೋಗಿ ನೋಡಿ. ದೂರ ನಿಂತ್ಕೊಂಡು ಹುಲ್ಲು ಎಸೆದ್ರೆ ತಿನ್ನಲ್ಲ. ಇಡ್ಲಾ? ಇನ್ನೊಬ್ರು ಯಾರಾದ್ರೂ ಮಾಡ್ತಾ ಇರ್ತಾರೆ, ಪಾಪ."

ಅವನು ಕೇಬಲ್ ಕಿತ್ತ. ಪೆಟ್ಟಿಗೆಗಳನ್ನು ಆರಿಸಿದ, ಹಚ್ಚಿದ. ಅವು ಹೊಸದಾಗಿ ಹುಟ್ಟಿ, ನಾನು ಯಾರು ಎಂದು ಕೂಗಿದವು. ಈ ಸಲ ಓಗೊಡಲು ಇದ್ದದ್ದು ಒಂದೇ ದನಿ. ಕೊನೆಯ ತುಂಡು ಮುಟ್ಟಿದ ಮರುಕ್ಷಣ ಹೊರಗೆ ಕೌಂಟರಿನಲ್ಲಿ ಫೋನು ಅರಚಿಕೊಂಡಿತು. "ಅಯ್ಯೋ, ಶುರುವಾಯ್ತಪ್ಪಾ, ನನ್ನ ಸ್ವೆಟರ್ ಹೋಯ್ತು," ಎಂದು ಅತ್ತೆ ಗೊಣಗುತ್ತ ಎತ್ತಿದಳು. ಕೆಲಸದ ಚೀಲ ಹೆಗಲಿಗೇರಿಸಿ ಹೋಗುವಾಗ ಅವನು ಅವಳ ಮುಂದೆ ನಿಂತು, "ತಪ್ಪು ನನ್ನ ಲ್ಯಾಪ್‌ಟಾಪಿಂದು ಅತ್ತೆ. ಡಾಕ್ಟರಮ್ಮನಿಗೆ ಹೇಳ್ಬಿಡಿ," ಅಂದ. "ಹೇಳ್ತೀನಿ ಬಿಡು, ತಲೆ ಏನೂ ತೆಗೆಯಲ್ಲ ಅವರು," ಎಂದು ಅವಳು ಕೈಯಾಡಿಸಿದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವನು ಸ್ಟೂಲಿನ ಮೇಲೆ ಸುಮ್ಮನಾದ ಫೋನನ್ನು ನೆನೆಸಿಕೊಂಡ. ಬೆಳಗ್ಗೆಯಿಂದ ಬಿಡುವಿಲ್ಲದೆ ಬಡಿದುಕೊಂಡದ್ದು ಇದ್ದಕ್ಕಿದ್ದ ಹಾಗೆ ನಿಂತಾಗ ಅವಳು ಅದನ್ನು ಎತ್ತಿ ನೋಡಿರಬಹುದು, ಕೆಟ್ಟಿತೇ ಎಂದು. ಎಷ್ಟೋ ಜನರಿಗೆ ಬೇಕಾದವಳಾಗಿದ್ದಳು, ಒಂದು ಕೇಬಲ್ ಕಿತ್ತು ನಾನು ಅದನ್ನೂ ಕಸಿದೆ. ಸರಿಪಡಿಸಿದ್ದಕ್ಕೂ ಹೀಗೆ ಸಂಕಟವಾಗುವುದುಂಟೇ? ಪಕ್ಕದಲ್ಲಿ ಕೂತವರು ಕೊನೆಯ ಸ್ಟಾಪು ಬಂತು ಎಂದು ತಟ್ಟಿ ಎಬ್ಬಿಸಿದಂತೆ ಹೇಳಿದರು.

ಮನೆಯಲ್ಲಿ ಅವಳು ಎಂದಿನಂತೆ ಬಾಗಿಲು ತೆರೆದು ಒಳಗೆ ಹೋದಳು. ಚಹಾದ ಲೋಟ ಬಂತು, ಮಾತು ಬರಲಿಲ್ಲ. ಅವಳಿಗೆ ಗೊತ್ತಾಗಿಲ್ಲ, ಎಂದುಕೊಂಡ. ಒಂದು ಕಡೆ ನಿರಾಳ, ಇನ್ನೊಂದು ಕಡೆ ಏನೋ ಕಳೆದುಕೊಂಡ ಹಾಗೆ. ಹತ್ತಿರ ಹೋಗಿ ನೋಡಿ, ಎಂದಿದ್ದಳು. ಅಡುಗೆಮನೆಯ ಬಾಗಿಲವರೆಗೆ ಹೋದ. ಅವಳು ಬೆನ್ನು ಮಾಡಿ ನಿಂತು ತರಕಾರಿ ಹೆಚ್ಚುತ್ತಿದ್ದಳು. ಲೋಟ ತೊಳೆಯುವ ನೆಪದಲ್ಲಿ ನಲ್ಲಿ ತಿರುಗಿಸಿದ. ಆಗ ಫೋನು ಬಡಿಯಿತು. ಅವಳು ಕೈ ಒರೆಸಿಕೊಳ್ಳುತ್ತ, ಅವನನ್ನು ದಾಟಿ ಬಹುಮಟ್ಟಿಗೆ ಓಡಿಯೇ ಹೋದಳು.

"ಹೇಳಿ... ಹೌದಾ! ಯಾವಾಗ? ತಾಯಿ ಎದ್ದು ನಿಂತಿದೆ ತಾನೆ? ಅಯ್ಯೋ, ನಾನೇನು ಮಾಡಿದೆ ಬಿಡಪ್ಪಾ, ಒಂದು ಮಾತು ಹೇಳಿದೆ ಅಷ್ಟೆ." ನಕ್ಕಳು, ಪೂರ್ತಿ. ಇಟ್ಟು, ಫೋನಿನ ಮೇಲೆ ಕೈ ಹಾಗೇ ಬಿಟ್ಟು ನಿಂತಳು. "ಎಮ್ಮೆ ಈಯಿತಂತೆ. ಹೆಣ್ಣು ಕರು," ಅಂದಳು. ನಡುಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ತನಗೇ ಹೇಳಿದಳು ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ನಿಮ್ಮ ಹಸು ಮೇವು ಮುಟ್ತಾ?" ಅಂದಳು ಆಮೇಲೆ.

ಅವನ ಕೈಯಲ್ಲಿದ್ದ ಲೋಟದಿಂದ ನೀರು ತೊಟ್ಟಿಕ್ಕುತ್ತಿತ್ತು. "ಗೊತ್ತಾಯ್ತಾ?"

"ಬಾಯಿಗೆ ಬಟ್ಟೆ ಇಟ್ಕೊಂಡು ಮಾತಾಡಿದಾಗ್ಲಾ? ಅದಕ್ಕೂ ಮುಂಚೇನೇ ಗೊತ್ತಾಗಿತ್ತು. ಮೊದಲನೇ ಸಲ ಏನೂ ಹೇಳದೆ ಉಗುಳು ನುಂಗ್ತಾ ನಿಂತಿದ್ರಲ್ಲ, ಆಗಲೇ. ಇಷ್ಟು ವರ್ಷ ನಿಮ್ಮ ಫೋನ್ ಎತ್ತಿದ್ದೀನಿ, ಉಸಿರು ಗೊತ್ತಾಗಲ್ವಾ?"

ಹಾಗಾದರೆ ಗಾಬರಿಯಾಗಬೇಡಿ, ನಾನು ಇಡಲ್ಲ, ಎಂದದ್ದು ಯಾರೋ ದನದವನಿಗಲ್ಲ. ಅವನಿಗೇ. ಅವನು ಗೋಡೆಗೆ ಒರಗಿದ. ಕಣ್ಣು ತುಂಬಿದ್ದನ್ನು ಮರೆಮಾಡಲು ಹೋಗಲಿಲ್ಲ. "ಕೇಬಲ್ ಆಗಲೇ ಕೀಳಬಹುದಿತ್ತು. ನಿನ್ನ ದನಿ ಕೇಳ್ಬೇಕು ಅನ್ನಿಸ್ತು, ಬಿಟ್ಟೆ," ಅಂದ.

"ಚೆನ್ನಾಗಿದೆ! ಅದಕ್ಕೆ ಊರವರ ಮೇಕೆ ನಾಯಿಗಳೆಲ್ಲ ಕಾಯ್ಬೇಕಿತ್ತಾ?" ಅಂದಳು. "ಹೋಗಿ ಹೋಗಿ ಹಸು ಅಂದ್ರಲ್ಲ, ಬೇರೆ ಏನೂ ಸಿಗಲಿಲ್ವಾ ನಿಮಗೆ?" ತುಟಿಯ ತುದಿಯಲ್ಲಿ ನಗು ಬಂದು ಹೋಯಿತು. ಹೋದದ್ದು ಮತ್ತೆ ಬರಲಿಲ್ಲ.

"ತಪ್ಪಾಯ್ತು ಕಣೇ," ಅಂದ.

"ನನ್ನೊಬ್ಬಳ ಮುಂದೆ ಹೇಳಿದ್ರೆ ಏನು ಬಂತು?" ಅಂದಳು ಅವಳು. ಸಿಟ್ಟೇನೂ ಇರಲಿಲ್ಲ, ಆಸ್ಪತ್ರೆಗೆ ಫೋನು ಮಾಡಿದವರ ಜೊತೆ ಮಾತಾಡಿದ ಅದೇ ನಿಧಾನದ ದನಿ. "ಅಂದಾಗ ನಾನೊಬ್ಬಳೇ ಇರಲಿಲ್ಲ."

ಅವನು ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಸ್ಟೂಲಿನ ಹತ್ತಿರ ಹೋಗಿ ರಿಸೀವರು ಎತ್ತಿದ. ಅದು ಇನ್ನೂ ಅವಳ ಕೈಯಿಂದ ಬೆಚ್ಚಗಿತ್ತು. ನಂಬರು ಒತ್ತಿ ಕಾಯುತ್ತಿರುವಾಗ ಭಾವ ಹೇಗೆ ನಗುತ್ತಾರೆ, ಅಕ್ಕ ಏನು ಅಂದುಕೊಳ್ಳುತ್ತಾಳೆ, ಎಲ್ಲ ಮುಂದೆ ಬಂದು ನಿಂತು, ಇಟ್ಟುಬಿಡೋಣ ಎನಿಸಿತು. ಅವಳು ಹತ್ತಿರ ಬಂದು, ಕೇಳಿಸುವಷ್ಟು ದೂರದಲ್ಲಿ ನಿಂತಳು.

"ಹಲೋ," ಅಂದಳು ಅಕ್ಕ ಆ ಕಡೆಯಿಂದ. "ಏನೋ, ಟೆಸ್ಟಿಂಗಾ?"

"ಅಲ್ಲ ಅಕ್ಕಾ. ಇಡಬೇಡ," ಅಂದ. "ಭಾವನ್ನೂ ಕರಿ. ಭಾನುವಾರ ನಾನೊಂದು ಮಾತು ಅಂದೆನಲ್ಲ, ಅದರ ವಿಷಯ."